ಏರಿನಲ್ಲಿ ಎಳೆಯುವ ಸೈಕಲ್ಲು

ಆ ಬೀದಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ ಒಂದು ಸಂಗತಿಯನ್ನು ಅವರು ತಪ್ಪದೆ ದಾಖಲಿಸಬೇಕಾಗುತ್ತದೆ: ಚಳಿ ಇನ್ನೂ ಪೂರ್ತಿ ಬಿಟ್ಟಿರದ ಒಂದು ಸೋಮವಾರ ಮಧ್ಯಾಹ್ನ, ಸೈಕಲ್ ಅಂಗಡಿಯ ಯಜಮಾನ ತನ್ನ ಸ್ವಂತ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಎರಡು ಹಲ್ಲು ಹೆಚ್ಚಿಗೆ ಹಾಕಿಸಿಕೊಂಡ. ಹದಿನೆಂಟಿದ್ದದ್ದು ಇಪ್ಪತ್ತಾಯಿತು. ಇದರಿಂದ ಯಾವ ಸರ್ಕಾರವೂ ಉರುಳಲಿಲ್ಲ. ಹಾಲಿನವನು ಹೊತ್ತಿಗೆ ಸರಿಯಾಗಿ ಬಂದ. ಎದುರಿನ ದರ್ಜಿ ಮಾತ್ರ ಹೊಲಿಗೆ ಯಂತ್ರದಿಂದ ಕಾಲು ತೆಗೆದು, ಬಾಯಲ್ಲಿದ್ದ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು, ರಸ್ತೆ ದಾಟಿ ಬಂದ.

"ಏನ್ ಯಜಮಾನ್ರೇ, ಹಲ್ಲು ಕಟ್ಟಿಸ್ಕೊಂಡ್ರಂತೆ?"

"ಹೂಂ ಕಣಪ್ಪಾ. ಎರಡೇ ಎರಡು. ಹಿಂದುಗಡೆ."

"ಆಗತ್ತೆ ಬಿಡಿ. ವಯಸ್ಸು ಯಾರನ್ನ ಬಿಡತ್ತೆ."

"ವಯಸ್ಸು ನನಗಲ್ಲಪ್ಪಾ, ಸೈಕಲ್ಲಿಗೆ."

ಗೊತ್ತಿಲ್ಲದವರಿಗಾಗಿ ಒಂದು ಮಾತು. ಹಿಂದಿನ ಚಕ್ರದ ನಡುವೆ ಫ್ರೀವೀಲ್ ಎಂಬ ಹಲ್ಲುಗಳ ಬಿಲ್ಲೆಯೊಂದು ಇರುತ್ತದೆ, ಚೈನು ಅದರ ಮೇಲೆ ಓಡುತ್ತದೆ. ಹಲ್ಲು ಹೆಚ್ಚಿದಷ್ಟೂ ತುಳಿಯುವುದು ಹಗುರ, ಸಾಗುವುದು ನಿಧಾನ. ಸಾಮಾನು ಹೊರುವವರು, ಗಾಳಿಗೆದುರು ಹೋಗುವವರು, ಮಂಡಿ ನೋವಿನವರು ಹಲ್ಲು ಹೆಚ್ಚಿಸಿಕೊಳ್ಳುತ್ತಾರೆ. ಯಜಮಾನ ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ. ಐವತ್ತನಾಲ್ಕರ, ತೆಳ್ಳಗಿನ, ಬಾಯಿ ಮುಚ್ಚಿ ಕೂರಲು ಬಾರದ ಮನುಷ್ಯ.

ಯಜಮಾನ ಎಂಬ ಬಿರುದೂ ಅಷ್ಟಕ್ಕಷ್ಟೇ. ಅಂಗಡಿ ಅವನ ಹೆಂಡತಿಯದು. ಅವಳಿಗೆ ಅವಳ ಅಪ್ಪನಿಂದ ಬಂದದ್ದು, ಕೆಲಸವೂ ಅಪ್ಪನಿಂದಲೇ ಬಂದದ್ದು. ಚಕ್ರದ ಬೆಂಡ್ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲಿರಲಿಲ್ಲ. ರಿಮ್ಮು ತಿರುಗಿಸಿ, ಒಂದು ಕಣ್ಣು ಮುಚ್ಚಿ, ಕಡ್ಡಿಗಳ ಮೇಲೆ ಉಗುರು ಎಳೆದು, ಹೊಮ್ಮಿದ ಸದ್ದಿನಿಂದಲೇ ಯಾವ ಕಡ್ಡಿ ಸಡಿಲ, ಯಾವುದು ಬಿಗಿ ಎಂದು ಹೇಳುತ್ತಿದ್ದಳು. ಅವಳನ್ನು ಊರೆಲ್ಲ ಮೇಸ್ತ್ರಿ ಎಂದು ಕರೆಯುತ್ತಿತ್ತು. ಮೇಸ್ತ್ರಿಯ ಗಂಡನಾದ್ದರಿಂದ ಅವನು ಯಜಮಾನ. ಅವನ ಪಾಲಿಗೆ ಬಂದ ಕೆಲಸಗಳು ಮೂರು: ಗಾಳಿ ಹೊಡೆಯುವುದು, ಗಿರಾಕಿಗಳನ್ನು ಮಾತಾಡಿಸುವುದು, ಚೀಟಿ ಬರೆಯುವುದು.

ಚೀಟಿಯ ಪದ್ಧತಿ ಅವಳ ಅಪ್ಪನ ಕಾಲದ್ದು. ರಿಪೇರಿಗೆ ಬಂದ ಪ್ರತಿ ಸೈಕಲ್ಲಿನ ಹ್ಯಾಂಡಲ್ಲಿಗೂ ಒಂದು ರಟ್ಟಿನ ಚೀಟಿಯನ್ನು ದಾರದಿಂದ ಕಟ್ಟುತ್ತಿದ್ದರು. ಮೇಲ್ಭಾಗದಲ್ಲಿ ಗಿರಾಕಿಯ ದೂರು, ಅವನು ಹೇಳಿದ ಮಾತಿನಲ್ಲೇ. ಕೆಳಗೆ ಮೇಸ್ತ್ರಿ ಏನು ಕಂಡಳು, ಏನು ಮಾಡಿದಳು ಎಂಬುದು. "ಗಿರಾಕಿ ಹೇಳಿದ್ದನ್ನ ಹೇಳಿದ ಹಾಗೇ ಬರಿ, ನಿನ್ನ ಜಾಣತನ ಏನಿದ್ರೂ ಕೆಳಗಡೆ" ಎಂದು ಆ ಮುದುಕ ಮಗಳಿಗೆ ಕಲಿಸಿದ್ದ. ಕೆಲಸ ಮುಗಿದ ಮೇಲೆ ಚೀಟಿ ಗೋಡೆಯ ತಂತಿಗೆ ಸೇರುತ್ತಿತ್ತು. ಆ ತಂತಿಗಳಲ್ಲಿ ಮೂವತ್ತು ವರ್ಷದ ದೂರುಗಳು ಧೂಳು ಕುಡಿಯುತ್ತಾ ನೇತಾಡುತ್ತಿದ್ದವು.

ಯಜಮಾನನೂ ಮೊದಲು ಒಂದು ಚೀಟಿಯಾಗಿಯೇ ಆ ಅಂಗಡಿಗೆ ಬಂದದ್ದು. ಆಗ ಅವನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ. ಮುಂದಿನ ಚಕ್ರ ಬೆಂಡಾಗಿದೆ ಎಂದು ಬಂದ; ಇಪ್ಪತ್ತರ ಹುಡುಗಿ ಸರಿ ಮಾಡಿಕೊಟ್ಟಳು. ಎಂಟು ದಿನಕ್ಕೆ ಮತ್ತೆ ಬಂದ, ಅದೇ ಚಕ್ರ, ಅದೇ ಜಾಗದಲ್ಲಿ ಬೆಂಡು. ಐದನೆಯ ಸಲ ಅವಳ ಅಪ್ಪ ರಿಮ್ಮನ್ನು ಬೆಳಕಿಗೆ ಹಿಡಿದು ನೋಡಿ, "ಇದು ರಸ್ತೆ ಮಾಡಿದ ಬೆಂಡಲ್ಲ, ಮಂಡಿ ಕೊಟ್ಟು ಬಗ್ಗಿಸಿದ್ದು. ಈ ಹುಡುಗನಿಗೆ ಬುದ್ಧಿ ಇಲ್ಲ, ಇಲ್ಲವೇ ನಿನ್ನ ಮೇಲೆ ಮನಸ್ಸಿದೆ" ಎಂದ. "ಎರಡೂ ಇರಬಹುದು" ಎಂದಳು ಮಗಳು. ಎರಡೂ ಹೌದೆಂದು ಕಾಲಕ್ರಮದಲ್ಲಿ ಸಾಬೀತಾಯಿತು.

ಅಂಗಡಿಗೆ ರಜೆ ಮಂಗಳವಾರ. ವಾರವಿಡೀ ಸೈಕಲ್ಲುಗಳ ನಡುವೆ ಇರುವವರು ರಜೆಯ ದಿನ ಏನು ಮಾಡಬೇಕು? ಮಲಗಬೇಕು, ನೆಂಟರ ಮನೆಗೆ ಹೋಗಬೇಕು, ಜಗಳವಾಡಬೇಕು. ಇವರಿಬ್ಬರೂ ಬೆಳಿಗ್ಗೆ ಆರೂವರೆಗೆ ತಮ್ಮ ತಮ್ಮ ಸೈಕಲ್ಲು ಹತ್ತಿ ಊರ ಹೊರಗೆ ಹೋಗುತ್ತಿದ್ದರು. "ಮಿಠಾಯಿ ಅಂಗಡಿಯವರು ರಜೆ ದಿನ ಮಿಠಾಯಿ ತಿಂತಾರಾ?" ಎಂದು ದರ್ಜಿ ಇಪ್ಪತ್ತು ವರ್ಷದಿಂದ ಕೇಳುತ್ತಲೇ ಬಂದಿದ್ದ. ಮುಚ್ಚಿದ ನೂಲಿನ ಗಿರಣಿಯ ಉದ್ದನೆಯ ಗೋಡೆ, ರೈಲ್ವೆ ಗೇಟು, ಆಮೇಲೆ ನಾಲೆಯ ಪಕ್ಕದ ಸಪಾಟು ದಾರಿ, ಕೊನೆಗೆ ನೀರಿನ ಟ್ಯಾಂಕಿನ ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಚಹಾದ ಅಂಗಡಿ. ಮೊದಲು ಏರು, ಆಮೇಲೆ ಚಹಾ. ಅದು ಅವರ ಕಾನೂನು.

ಯಜಮಾನ ಯಾವಾಗಲೂ ಮುಂದೆ, ಮೇಸ್ತ್ರಿ ಹಿಂದೆ. ಇದು ಗಂಡಸಿನ ದರ್ಪವೆಂದು ತಿಳಿದವರೂ ಇದ್ದರು. ನಿಜವೆಂದರೆ ಅವಳು ಹಿಂದಿನಿಂದ ಅವನ ಸೈಕಲ್ಲನ್ನು ಕೇಳಿಸಿಕೊಳ್ಳುತ್ತಿದ್ದಳು. ರಜೆಯ ದಿನವೂ ಅವಳ ಕಿವಿಗೆ ರಜೆ ಇರಲಿಲ್ಲ. ಅವನೋ ದಾರಿಯುದ್ದಕ್ಕೂ ತಲೆ ಹಿಂದಕ್ಕೆ ತಿರುಗಿಸದೆ ಮಾತಾಡುತ್ತಿದ್ದ. ಅರ್ಧ ಮಾತು ಗಾಳಿಯಲ್ಲಿ ಹೋಗುತ್ತಿತ್ತು, ಉಳಿದರ್ಧಕ್ಕೆ ಅವಳು "ಹೂಂ" ಎನ್ನುತ್ತಿದ್ದಳು. ಗುಡ್ಡದ ಏರಿನಲ್ಲಿಯೂ ಅವನ ಮಾತು ನಿಲ್ಲುತ್ತಿರಲಿಲ್ಲ. ಬೇರೆಯವರು ಉಸಿರಿಗಾಗಿ ಬಾಯಿ ತೆರೆಯುವ ಜಾಗದಲ್ಲಿ ಅವನು ಯಾವುದೋ ಗಿರಾಕಿಯ ಕಥೆಯ ಎರಡನೆಯ ಭಾಗಕ್ಕೆ ಬಂದಿರುತ್ತಿದ್ದ.

ಮಾತು ಮೊದಲು ನಿಂತದ್ದು ಕೊನೆಯ ತಿರುವಿನಲ್ಲಿ. ಮೇಸ್ತ್ರಿಗೆ ಅದು ಹಾಯೆನಿಸಿತು. ಎರಡು ಮಂಗಳವಾರ ಅವಳು ಆ ಮೌನವನ್ನು ಸುಖವಾಗಿ ಅನುಭವಿಸಿದಳು. ಇದನ್ನು ಅವಳು ಆಮೇಲೆ ನೆನೆಸಿಕೊಳ್ಳದ ದಿನವಿಲ್ಲ.

ಮೂರನೆಯ ಮಂಗಳವಾರ ಕಳೆದು ಬುಧವಾರ ಅಂಗಡಿ ತೆರೆದಾಗ ಅವನ ಸೈಕಲ್ಲಿನ ಹ್ಯಾಂಡಲ್ಲಿನಲ್ಲಿ ಒಂದು ಚೀಟಿ ಇತ್ತು. ಅಚ್ಚುಕೂಟದಲ್ಲಿ ಪಳಗಿದ ದುಂಡು ಅಕ್ಷರ.

"ಮಾನ್ಯರೇ, ಟ್ಯಾಂಕಿನ ಗುಡ್ಡದ ಏರಿನಲ್ಲಿ ಸದರಿ ಸೈಕಲ್ಲು ಹಿಂದಕ್ಕೆ ಎಳೆಯುತ್ತಿದ್ದು, ಕ್ಯಾರಿಯರಿನ ಮೇಲೆ ಯಾರೋ ಕೂತಂತೆ ಭಾಸವಾಗುತ್ತದೆ. ಸದರಿ ವ್ಯಕ್ತಿಯನ್ನು ಕೆಳಗಿಳಿಸಿಕೊಡಬೇಕಾಗಿ ವಿನಂತಿ."

ಅವಳು ಓದಿ ನಕ್ಕಳು. ಚಕ್ರ ಎತ್ತಿ ತಿರುಗಿಸಿದಳು. ಅದು ಬಹಳ ಹೊತ್ತು ತಿರುಗುತ್ತಲೇ ಇತ್ತು. ಕೆಳಗೆ ಬರೆದಳು: "ಬ್ರೇಕ್ ರಬ್ಬರು ರಿಮ್ಮಿಗೆ ತಾಗುತ್ತಿಲ್ಲ. ಆದರೂ ಸಡಿಲಿಸಿದೆ."

ಎರಡು ವಾರ ಬಿಟ್ಟು ಇನ್ನೊಂದು: "ಸದರಿ ವ್ಯಕ್ತಿ ಇನ್ನೂ ಇಳಿದಿಲ್ಲ." ಅವಳು ಚಕ್ರದ ನಡುವಿನ ಹಬ್ ಬಿಚ್ಚಿ, ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೇ ಬೆಳಕಿಗೆ ಹಿಡಿದು, ಎಲ್ಲವೂ ಚೆನ್ನಾಗಿದ್ದರೂ ಎಲ್ಲವನ್ನೂ ಬದಲಾಯಿಸಿದಳು. ಹೊಸ ಗ್ರೀಸು ತುಂಬಿದಳು.

ಮತ್ತೆ ಮೂರು ವಾರಕ್ಕೆ: "ಆ ಮನುಷ್ಯ ಈಗ ತನ್ನ ಹೆಂಡತಿಯನ್ನೂ ಹತ್ತಿಸಿಕೊಂಡಂತಿದೆ." ಆಗಲೇ ಚರಿತ್ರೆಗೆ ಸೇರಬೇಕಾದ ಆ ಎರಡು ಹಲ್ಲು ಬಂದದ್ದು.

ಎರಡು ಹಲ್ಲು ನಾಲ್ಕು ಮಂಗಳವಾರ ಕೆಲಸ ಮಾಡಿತು. ಏರು ಸಲೀಸಾಯಿತು. ಮಾತು ಕೂಡ ತಿರುವಿನವರೆಗೆ ವಾಪಸು ಬಂತು. ಚಹಾದ ಅಂಗಡಿಯಲ್ಲಿ ಅವನು, "ನೋಡಪ್ಪಾ, ಇಡೀ ಊರಿನ ಸೈಕಲ್ಲು ರಿಪೇರಿ ಮಾಡ್ತಾಳೆ, ಗಂಡನ್ದಕ್ಕೆ ಮಾತ್ರ ಅರ್ಜಿ ಮೇಲೆ ಅರ್ಜಿ ಹಾಕ್ಬೇಕು" ಎಂದು ಹೇಳಿಕೊಂಡ.

"ಪುಕ್ಕಟೆ ಗಿರಾಕಿ ಕೊನೇಲಿ" ಎಂದಳು ಮೇಸ್ತ್ರಿ.

ಐದನೆಯ ಮಂಗಳವಾರ ಅವನು ತಿರುವಿಗೂ ಮುಂಚೆಯೇ ಇಳಿದು, ಚೈನು ಕಳಚಿದಂತೆ ಬಗ್ಗಿ ನೋಡಿದ. ಚೈನು ಕಳಚಿರಲಿಲ್ಲ. ಹಿಂದಿನಿಂದ ಬಂದ ಅವಳಿಗೆ ಅದು ಕಾಣುತ್ತಿತ್ತು. ಅವನು ಬಗ್ಗಿಯೇ ಇದ್ದ. ಅಂಗಿಯ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು.

"ಏನಾಯ್ತ್ರೀ?"

"ಏನಿಲ್ಲ ಕಣೇ... ಎಳೆಯತ್ತೆ."

ಆ ವಾರ ಅವಳು ಅವನಿಗೆ ಹಗುರವಾದ ಹೊಸ ಚಕ್ರವನ್ನೇ ಕಟ್ಟಿದಳು. ಅಲ್ಯೂಮಿನಿಯಂ ರಿಮ್ಮು, ತೆಳು ಟಯರು. ತಕ್ಕಡಿಯಲ್ಲಿ ಹಳೆಯದನ್ನೂ ಹೊಸದನ್ನೂ ತೂಗಿ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದಳು. ಅಷ್ಟು ಅಚ್ಚುಕಟ್ಟಾದ ಚಕ್ರವನ್ನು ಅವಳು ಯಾವ ಗಿರಾಕಿಗೂ ಕಟ್ಟಿರಲಿಲ್ಲ. ತಿರುಗಿಸಿ ಬಿಟ್ಟರೆ ಗೋಡೆಯ ಗಡಿಯಾರಕ್ಕೆ ನಾಚಿಕೆಯಾಗಬೇಕು, ಹಾಗೆ ತಿರುಗುತ್ತಿತ್ತು.

ಮುಂದಿನ ಮಂಗಳವಾರ ಗುಡ್ಡದ ಬುಡದಲ್ಲಿ ಅವಳು ಸೈಕಲ್ಲಿನಿಂದ ಇಳಿದಳು. "ಇಳೀರಿ. ನಿಮ್ಮ ಸೈಕಲ್ ನಾನು ಹತ್ತಿಸಿ ನೋಡ್ತೀನಿ. ನೀವು ಚಹಾ ಕುಡೀತಿರಿ."

"ಏರಿಗಿಂತ ಮುಂಚೆ ಚಹಾನಾ? ಕಾನೂನು ಭಂಗ."

"ಕಾನೂನು ನಾನು ಮಾಡಿದ್ದು. ಇಳೀರಿ."

ಸೀಟು ಒಂದು ಬೆರಳು ಇಳಿಸಿಕೊಂಡು ಹತ್ತಿದಳು. ಸೈಕಲ್ಲು ಏರನ್ನು ಏರೆಂದು ಗುರುತಿಸಲೇ ಇಲ್ಲ. ಪೆಡಲ್ಲಿನ ಮೇಲೆ ಕಾಲು ಇಟ್ಟರೆ ಸಾಕು, ಅದೇ ಅವಳನ್ನು ಕರೆದುಕೊಂಡು ಹೋಗುತ್ತಿತ್ತು. ಹಬ್ಬಿನಲ್ಲಿ ಸದ್ದಿಲ್ಲ, ಚೈನಿನಲ್ಲಿ ಸದ್ದಿಲ್ಲ, ಕಡ್ಡಿಗಳಲ್ಲಿ ಸದ್ದಿಲ್ಲ. ತಿರುವು ಯಾವಾಗ ಕಳೆಯಿತೋ ತಿಳಿಯಲಿಲ್ಲ. ಮೇಲೆ ಟ್ಯಾಂಕಿನ ಬೇಲಿಯ ಹತ್ತಿರ ನಿಂತಾಗ ಅವಳಿಗೆ ಬೆವರು ಕೂಡ ಬಂದಿರಲಿಲ್ಲ. ತನ್ನ ಮೂವತ್ತು ವರ್ಷದ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಸೈಕಲ್ಲನ್ನು ತಾನು ತಯಾರು ಮಾಡಿಲ್ಲ ಎಂದು ಅವಳಿಗೆ ಅರ್ಥವಾಯಿತು. ಅದರ ಹಿಂದೆಯೇ ಇನ್ನೊಂದೂ ಅರ್ಥವಾಯಿತು.

ಸೈಕಲ್ಲಿನಲ್ಲಿ ಏನೂ ಇಲ್ಲವೆಂದ ಮೇಲೆ ಉಳಿಯುವುದು ಒಂದೇ.

ಕೆಳಗೆ ಚಹಾದ ಅಂಗಡಿಯ ಬೆಂಚು ಕಾಣುತ್ತಿತ್ತು. ಅವನು ಅವಳ ಸೈಕಲ್ಲಿನ ಸೀಟಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಚಹಾದವನು ಎದುರಿಗೇ ನಿಂತಿದ್ದರೂ ಅವನು ಮಾತಾಡುತ್ತಿರಲಿಲ್ಲ. ಅಷ್ಟು ದೂರದಿಂದ ಮಾತು ಕೇಳುವುದಿಲ್ಲ ನಿಜ. ಆದರೆ ಅವನು ಮಾತಾಡುವಾಗ ಕೈಗಳು ಸುಮ್ಮನಿರುವುದಿಲ್ಲ, ಅದು ಎಷ್ಟು ದೂರದಿಂದಲೂ ಕಾಣುವಂಥದ್ದು.

ಅವಳು ಇಳಿದು ಬಂದಳು. ಇಳಿಯುವ ದಾರಿ ನಾಲ್ಕು ನಿಮಿಷದ್ದು. ಡಾಕ್ಟರ ಹತ್ತಿರ ಹೋಗೋಣ ಎಂಬ ಮಾತನ್ನು ಅವಳು ಮೂರು ಬಗೆಯಲ್ಲಿ ಜೋಡಿಸಿಕೊಂಡಳು. ಬೆಂಚಿನ ಮುಂದೆ ಬ್ರೇಕು ಹಿಡಿದಾಗ ಅವನು ತಲೆ ಎತ್ತಿದ. ಪರೀಕ್ಷೆ ಬರೆದು ಗೋಡೆಗೆ ಅಂಟಿಸಿದ ಪಟ್ಟಿ ನೋಡಲು ಬಂದವರ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ.

"ಏನ್ ಹೇಳ್ತು?"

"ಎಳೆಯತ್ತೆ ಕಣ್ರೀ" ಎಂದಳು ಮೇಸ್ತ್ರಿ. "ನಿಜ. ಎಳೆಯತ್ತೆ."

"ಹೇಳ್ಲಿಲ್ವಾ ನಾನು!" ಅವನು ಚಹಾದವನ ಕಡೆ ತಿರುಗಿದ. ಕೈಗಳು ಮೇಲೆದ್ದವು. "ಮೂರು ತಿಂಗಳಿಂದ ಬಡ್ಕೋತಿದ್ದೀನಿ. ಈಗ ಒಪ್ಪಿಕೊಂಡ್ಲು. ಇನ್ನೊಂದು ಚಹಾ ಕೊಡಪ್ಪಾ, ಮೇಸ್ತ್ರಿ ತಪ್ಪೊಪ್ಪಿಗೆ ಲೆಕ್ಕದಲ್ಲಿ."

ಆ ದಿನದ ಚೀಟಿ ಅವಳ ಅಕ್ಷರದಲ್ಲೇ ಪೂರ್ತಿಯಾಗಿ ಇದೆ: "ನಾನೇ ಹತ್ತಿಸಿ ಪರೀಕ್ಷಿಸಿದೆ. ಏರಿನಲ್ಲಿ ಎಳೆಯುತ್ತಿದೆ. ಫ್ರೀವೀಲ್ ಇಪ್ಪತ್ತೆರಡು ಹಲ್ಲು."

ಅದು ಅಲ್ಲಿಗೇ ನಿಲ್ಲಬಹುದಿತ್ತು. ಒಂದು ವಾರ ಸಮಾಧಾನವಾಗಿರಲಿ, ಮುಂದಿನ ವಾರ ಹೇಳೋಣ ಎಂದೇ ಅವಳು ಲೆಕ್ಕ ಹಾಕಿದ್ದು. ಆದರೆ ಸುಳ್ಳು ಒಂದು ಸಲ ಚೀಟಿಗೇರಿದ ಮೇಲೆ ಅದಕ್ಕೆ ಅಂಗಡಿಯ ಮೊಹರು ಬಿದ್ದಂತೆ. ಮುಂದಿನ ವಾರ ಅವನ ಅಕ್ಕ ಬಂದಳು. ಅವಳು ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಎದುರಿಗೆ ಯಾರೇ ಕೂತರೂ ಹಾಜರಿ ಹಾಕುವವಳಂತೆ ನೋಡುವವಳು. ಅಂಗಡಿಯ ಮೇಲಿನ ಕೋಣೆಯಲ್ಲಿ ತಮ್ಮನನ್ನು ಮುಖದಿಂದ ಪಾದದವರೆಗೆ ಓದಿದಳು.

"ಏನೋ, ಹೀಗೆ ಸೊರಗಿದ್ದೀಯ? ಮೆಟ್ಟಿಲು ಹತ್ತಿ ಬಂದು ಇಷ್ಟು ಹೊತ್ತಾಯ್ತು, ಇನ್ನೂ ಉಸಿರು ಬಿಡ್ತಿದ್ದೀಯ?"

"ಉಸಿರು ಬಿಡದೆ ಏನ್ ಮಾಡ್ಲಿ ಅಕ್ಕಾ, ಹಿಡ್ಕೊಂಡು ಕೂತ್ಕೊಳ್ಲಾ?"

"ಮಾತಲ್ಲಿ ತೇಲಿಸ್ಬೇಡ. ಡಾಕ್ಟರಿಗೆ ತೋರ್ಸು."

"ನನಗೇನಾಗಿದೆ? ಸೈಕಲ್ದು ತೊಂದರೆ. ಏರಲ್ಲಿ ಎಳೆಯತ್ತೆ, ಅದಕ್ಕೇ ಸ್ವಲ್ಪ ಸುಸ್ತು. ನಂಬಿಕೆ ಇಲ್ದಿದ್ರೆ ಮೇಸ್ತ್ರಿನೇ ಕೇಳು."

ಅಕ್ಕ ಕೇಳಿದಳು. "ಹೌದೇನಮ್ಮಾ?"

ಒಲೆಯ ಮೇಲಿನ ಪಾತ್ರೆಯನ್ನು ಇಳಿಸುತ್ತಿದ್ದ ಮೇಸ್ತ್ರಿ ತಿರುಗಲಿಲ್ಲ. "ಹೌದು ಅತ್ತಿಗೆ" ಎಂದಳು. "ನಾನೇ ನೋಡಿದ್ದೀನಿ."

"ಹಾಗಾದ್ರೆ ಆ ಸೈಕಲ್ ತೂಕಕ್ಕೆ ಹಾಕಿ ಇನ್ನೊಂದು ಕೊಡ್ಸೇ ತಾಯಿ. ಸೈಕಲ್ ಅಂಗಡಿ ಇಟ್ಕೊಂಡು ಗಂಡನಿಗೊಂದು ನೆಟ್ಟಗಿರೋ ಸೈಕಲ್ ಇಲ್ಲ ಅಂದ್ರೆ ಕೇಳಿದವರು ನಗ್ತಾರೆ."

ಅಕ್ಕನಿಗೆ ಸಮಾಧಾನವಾಯಿತು. ಕೆಲಸ ತಿಳಿದವರು ಹೇಳಿದ ಮೇಲೆ ಯಾರಿಗೆ ತಾನೇ ಆಗುವುದಿಲ್ಲ? ಮೇಸ್ತ್ರಿಯ ಮಾತಿನ ಮೇಲೆ ಊರಿನವರು ಮಕ್ಕಳನ್ನು ಸೈಕಲ್ಲು ಹತ್ತಿಸಿ ಕಳಿಸುತ್ತಿದ್ದರು.

ಅವಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ ಎನ್ನಲಾಗದು. ಸುತ್ತು ಹಾಕಿ ಬಂದಳು. "ನನಗೇ ಈಚೆಗೆ ಯಾಕೋ ಸುಸ್ತು, ಇಬ್ಬರೂ ಒಂದ್ಸಲ ತೋರಿಸ್ಕೊಂಡು ಬರೋಣ್ವಾ?" ಅವನು ತಕ್ಷಣ ಅವಳನ್ನು ಒಬ್ಬಳನ್ನೇ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆ ಮಾಡಿಸಿ, ಶಕ್ತಿಯ ಗುಳಿಗೆ ಬರೆಸಿಕೊಂಡು ಬಂದ. "ಗುಡ್ಡ ಬೇಡ ಬಿಡಿ, ನಾಲೆ ದಾರೀಲೇ ಹೋಗಿ ಬರೋಣ" ಎಂದಳು. "ಗುಡ್ಡ ಹತ್ತದೆ ಚಹಾ ಕುಡಿದ್ರೆ ಜೀರ್ಣ ಆಗಲ್ಲ" ಎಂದ. ಅವನಿಗೆ ಬೇಡವೆಂದರೆ ಬೇಡ. ಇಪ್ಪತ್ತೆರಡು ಹಲ್ಲು ಇಪ್ಪತ್ತನಾಲ್ಕಾಯಿತು. ಮಂಗಳವಾರಗಳು ಒಂದೊಂದಾಗಿ ಹೋದವು. ಹೊರಗೆ ಬಿಸಿಲು ಏರಿತು, ಇಳಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಮೇಸ್ತ್ರಿ ತಾನಾಗಿ ಯಾರಿಗೂ ಹೇಳುವವಳಲ್ಲ. ಹಲ್ಲು ಹೆಚ್ಚಿಸಿದಾಗಲೆಲ್ಲ ಅವನು ಎರಡು ವಾರವಾದರೂ ಚೆನ್ನಾಗಿರುತ್ತಿದ್ದ. ನಿಜವಾಗಿಯೂ ಚೆನ್ನಾಗಿರುತ್ತಿದ್ದ. ಆ ಎರಡು ವಾರಗಳಲ್ಲಿ ಅವಳಿಗೂ ತಾನು ಹೇಳಿದ್ದು ನಿಜವೇ ಇರಬಹುದು, ದೋಷ ಸೈಕಲ್ಲಿನದೇ ಇರಬಹುದು ಎನಿಸಿಬಿಡುತ್ತಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡಿ ಬದುಕಿದವಳು. ಕೈಗೆ ಸಿಗುವ ಜಾಗದಲ್ಲೇ ದೋಷ ಇರಲಿ ಎಂದು ಅವಳು ಬಯಸಿದ್ದಕ್ಕೆ ಯಾರೂ ಅವಳನ್ನು ದಡ್ಡಿ ಎನ್ನಲಾರರು. ಅವಳೊಬ್ಬಳನ್ನು ಬಿಟ್ಟು.

ಇಪ್ಪತ್ತನಾಲ್ಕು ಹಲ್ಲಿನ ಮೂರನೆಯ ಮಂಗಳವಾರ ಅವನ ಸೈಕಲ್ಲು ಏರಿನಲ್ಲಿ ಎಷ್ಟು ನಿಧಾನವಾಗಿತ್ತೆಂದರೆ ಬೀಳದೆ ನಿಂತದ್ದೇ ಹೆಚ್ಚು. ಬೆಳಗಿನ ನಡಿಗೆಗೆ ಬಂದ ಇಬ್ಬರು ಮುದುಕರು ಅವನನ್ನು ದಾಟಿ ಹೋದರು.

"ಏನ್ ಯಜಮಾನ್ರೇ, ಸೈಕಲ್ ಓಡಿಸ್ತಿದ್ದೀರೋ, ಮೇಯಿಸ್ತಿದ್ದೀರೋ?"

ಇಂಥ ಮಾತಿಗೆ ಅವನು ಉತ್ತರ ಕೊಡದೆ ಬಿಟ್ಟದ್ದು ಅದೇ ಮೊದಲು. ಕಾಲು ನೆಲಕ್ಕೆ ಕೊಟ್ಟ. ಸೈಕಲ್ಲನ್ನು ಜೋಪಾನವಾಗಿ ರಸ್ತೆ ಬದಿಯ ಕಲ್ಲಿಗೆ ಒರಗಿಸಿದ. ಆಮೇಲೆ ಅದರ ಪಕ್ಕದಲ್ಲಿ ಕೂತು, ಹಾಗೇ ಒಂದು ಮಗ್ಗುಲಿಗೆ ಮಲಗಿದ. ತುಟಿ ನೀಲಿಯಾಗಿತ್ತು. ತರಕಾರಿ ಸಾಗಿಸುವ ಗಾಡಿಯೊಂದು ಅವರಿಬ್ಬರನ್ನೂ ಎಲೆಕೋಸಿನ ಮೂಟೆಗಳ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ತಂದಿತು.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ದೊಡ್ಡ ಕನ್ನಡಕ. ಎರಡು ದಿನ ಬಗೆಬಗೆಯ ಯಂತ್ರಗಳಿಗೆ ಅವನನ್ನು ಒಪ್ಪಿಸಿದ ಮೇಲೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದಳು: "ಎಷ್ಟು ದಿನದಿಂದ ಹೀಗೆ ಉಸಿರು ಕಟ್ಟುತ್ತೆ?"

"ಮೊನ್ನೆನೇ ಮೊದಲು" ಎಂದ ಯಜಮಾನ.

"ಇರೋಕೆ ಸಾಧ್ಯ ಇಲ್ಲ. ನೆನಪು ಮಾಡ್ಕೊಳ್ಳಿ. ನನಗೆ ದಿನಾಂಕ ಬೇಕು."

ಮೇಸ್ತ್ರಿ ಎದ್ದು ಅಂಗಡಿಗೆ ಹೋಗಿ, ಗೋಡೆಯಿಂದ ಒಂದು ತಂತಿಯನ್ನೇ ಕಳಚಿಕೊಂಡು ಬಂದಳು. ಒಂಬತ್ತು ಚೀಟಿಗಳು. ಎಲ್ಲಕ್ಕೂ ದಿನಾಂಕವಿತ್ತು.

ಡಾಕ್ಟರು ಮೊದಲನೆಯ ಚೀಟಿ ಓದಿ ಕ್ಯಾರಿಯರಿನ ಮೇಲಿನ ವ್ಯಕ್ತಿಗೆ ನಕ್ಕಳು. ಎರಡನೆಯದಕ್ಕೂ ನಕ್ಕಳು. ಮೂರನೆಯದರಲ್ಲಿ ಹೆಂಡತಿ ಹತ್ತಿ ಕೂತಾಗ ನಗು ನಿಂತಿತು. ಆಮೇಲೆ ಕಾಗದ ತೆಗೆದುಕೊಂಡು ದಿನಾಂಕ, ಹಲ್ಲು, ದಿನಾಂಕ, ಹಲ್ಲು ಎಂದು ಬರೆದುಕೊಳ್ಳತೊಡಗಿದಳು. "ಇಷ್ಟು ಚೆನ್ನಾಗಿ ರೋಗದ ಇತಿಹಾಸ ಬರೆದಿಟ್ಟವರನ್ನ ನಾನು ನೋಡೇ ಇಲ್ಲ" ಎಂದಳು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ, ಅದೇ ಕಷ್ಟವಾಗಿದ್ದದ್ದು. ಆಮೇಲೆ ಮೇಸ್ತ್ರಿಯ ಅಕ್ಷರದ ಚೀಟಿ ಬಂತು.

"ಇದು ನಿಮ್ಮದಾ? ನೀವೇ ಓಡಿಸಿ ನೋಡಿದಾಗ ಸೈಕಲ್ಲಲ್ಲಿ ನಿಜವಾಗ್ಲೂ ದೋಷ ಇತ್ತಾ?"

ಮೇಸ್ತ್ರಿ ಬಾಯಿ ತೆರೆದಳು.

"ಇತ್ತು ಡಾಕ್ಟ್ರೇ" ಎಂದ ಯಜಮಾನ ಹಾಸಿಗೆಯಿಂದ. "ಅವಳು ನೋಡಿದ ಮೇಲೆ ಮುಗೀತು. ಊರಲ್ಲಿ ಕೇಳಿ ಯಾರನ್ನ ಬೇಕಾದ್ರೂ."

ಡಾಕ್ಟರು ಮೇಸ್ತ್ರಿಯನ್ನು ಹೊರಗೆ, ಕಿಟಕಿಯ ಹತ್ತಿರಕ್ಕೆ ಕರೆದುಕೊಂಡು ಹೋದಳು. ಹೃದಯದ ಒಂದು ವಾಲ್ವು ಗಟ್ಟಿಯಾಗಿ ಕಿರಿದಾಗಿದೆ, ರಕ್ತ ಹೊರಗೆ ಬರಲು ಒದ್ದಾಡುತ್ತಿದೆ ಎಂದಳು.

"ವಾಲ್ವಾ?" ಎಂದಳು ಮೇಸ್ತ್ರಿ. "ದಿನಕ್ಕೆ ಹತ್ತು ಬದಲಾಯಿಸ್ತೀನಿ ನಾನು."

"ಇದನ್ನೂ ಬದಲಾಯಿಸ್ತಾರೆ. ಆ ಮೊದಲ ಮೂರು ಚೀಟಿ ಸಮಯದಲ್ಲಿ ಬಂದಿದ್ರೆ ಮಾಡ್ಬಹುದಿತ್ತು. ನಿಮ್ಮ ಚೀಟಿ ಹೊತ್ತಿಗೂ ಬಹುಶಃ ಆಗ್ತಿತ್ತು. ಈಗ ಹೃದಯವೇ ಸೋತು ಹೋಗಿದೆ, ಆಪರೇಷನ್ ತಡ್ಕೊಳ್ಳಲ್ಲ. ದೊಡ್ಡ ಡಾಕ್ಟರಿಗೂ ತೋರಿಸಿದೆ, ಅವರೂ ಅದನ್ನೇ ಹೇಳಿದ್ರು." ಆಮೇಲೆ, "ನೀವು ಏರೋದನ್ನ ಅಷ್ಟು ಹಗುರ ಮಾಡಿಕೊಡದೇ ಇದ್ದಿದ್ರೆ ಅವರು ಯಾವತ್ತೋ ನಿಂತು ಬಿಡ್ತಿದ್ರು. ನಿಂತಿದ್ರೆ ಬರ್ತಿದ್ರು" ಎಂದಳು. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿರಬೇಕು. ಕನ್ನಡಕ ತೆಗೆದು ಒರೆಸಿಕೊಂಡಳು.

ಗುಳಿಗೆಗಳೊಂದಿಗೆ ಅವನನ್ನು ಮನೆಗೆ ಕಳಿಸಿದರು. ಮೆಟ್ಟಿಲು ಹತ್ತಬಾರದು ಎಂದದ್ದರಿಂದ ಅಂಗಡಿಯ ಹಿಂಭಾಗದಲ್ಲೇ, ಟಯರುಗಳ ರಾಶಿ ಸರಿಸಿ, ಒಂದು ಮಂಚ ಹಾಕಿದರು. ಅಲ್ಲಿಂದಲೇ ಅವನು ಗಿರಾಕಿಗಳನ್ನು ಮಾತಾಡಿಸುತ್ತಿದ್ದ, ಮೂರು ಮಾತಿಗೊಮ್ಮೆ ನಿಂತು. ದರ್ಜಿ ದಿನಾ ಬಂದು ಮಂಚದ ತುದಿಯಲ್ಲಿ ಕೂತು ಬೀದಿಯ ಸುದ್ದಿ ಒಪ್ಪಿಸಿ ಹೋಗುತ್ತಿದ್ದ. ಮಿಠಾಯಿಯ ಮಾತನ್ನು ಅವನು ಬಿಟ್ಟುಬಿಟ್ಟಿದ್ದ.

ಮಂಗಳವಾರ ಬಂತು. ಬಾಗಿಲು ಅರ್ಧ ಎಳೆದಿತ್ತು. ಮೇಸ್ತ್ರಿ ಮಾಡಲು ಕೆಲಸವಿಲ್ಲದೆ ಮಂಚದ ಪಕ್ಕ ಕೆಳಗೆ ಕೂತಿದ್ದಳು.

"ಆವತ್ತು ನಾನು ಸುಳ್ಳು ಹೇಳಿದೆ ಕಣ್ರೀ" ಎಂದಳು. "ನಿಮ್ಮ ಸೈಕಲ್ಲಲ್ಲಿ ಏನೂ ಇರ್ಲಿಲ್ಲ."

"ಗೊತ್ತು."

"ಏನ್ ಗೊತ್ತು?"

"ಆ ಏರು ಹತ್ತಿ ಇಳಿದು ಬಂದೆ. ಹಣೆ ಮೇಲೆ ಒಂದು ಹನಿ ಬೆವರಿರ್ಲಿಲ್ಲ. ಎಳೆಯೋ ಸೈಕಲ್ ಹತ್ತಿಸಿದವಳ ಮುಖ ಅಲ್ಲ ಅದು."

ಅವಳು ಅವನನ್ನೇ ನೋಡಿದಳು. "ಮತ್ತೆ ಯಾಕೆ ಸುಮ್ನಿದ್ರಿ?"

ಅವನು ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡ. "ಆಸ್ಪತ್ರೆ ಅಂದ್ರೆ ಭಯ ಕಣೇ. ನೀನು ರಿಪೇರಿ ಮಾಡ್ತಿದ್ದೆ. ಮಾಡಿದಾಗೆಲ್ಲ ಎರಡು ವಾರ ಚೆನ್ನಾಗಿರ್ತಿತ್ತು. ನಿನಗೂ ಅದೇ ಬೇಕಾಗಿದೆ ಅಂತ ಕಾಣ್ತು. ಇಬ್ಬರಿಗೂ ಬೇಕಾಗಿದ್ದನ್ನ ನಾನ್ಯಾಕೆ ಕೆಡಿಸ್ಲಿ ಅಂದ್ಕೊಂಡೆ."

"ನನಗೆ ಬೇಕಾಗಿದ್ದು ಅದಾ? ನನಗೆ ಬೇಕಾಗಿದ್ದು ಅದಾ ರೀ?" ಮೇಸ್ತ್ರಿ ಎದ್ದು ನಿಂತಳು. ಮೂವತ್ತು ವರ್ಷದಲ್ಲಿ ಅವಳು ಅವನನ್ನು ಬೈದದ್ದು ಸಾವಿರ ಸಲ, ಆದರೆ ಇದು ಬೇರೆ. ಹೇಡಿ ಎಂದಳು. ಮೋಸಗಾರ ಎಂದಳು. ಗೊತ್ತಿದ್ದೂ ಆ ದುಂಡು ಅಕ್ಷರದಲ್ಲಿ ಅರ್ಜಿ ಬರೆದುಕೊಂಡು ಕೂತಿದ್ದೆಯಲ್ಲಾ, ನಿನ್ನ ಕೈ ಬಿದ್ದು ಹೋಗಬಾರದಿತ್ತೇ ಎಂದಳು. ಬಹುವಚನ ಬಿಟ್ಟುಹೋದದ್ದು ಅವಳ ಗಮನಕ್ಕೇ ಬರಲಿಲ್ಲ. ಆಮೇಲೆ ಅಷ್ಟನ್ನೂ ತನಗೂ ಹೇಳಿಕೊಂಡಳು, ಹೆಚ್ಚು ಗಟ್ಟಿಯಾಗಿ. ಎದುರಿನ ಹೊಲಿಗೆ ಯಂತ್ರ ನಿಂತಿತು. ಮತ್ತೆ ಶುರುವಾಗಲು ತುಂಬಾ ಹೊತ್ತು ಹಿಡಿಯಿತು.

ಅವನು ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ಮುಗೀತಾ?" ಎಂದ.

"ಇಲ್ಲ."

"ನೀರು ಕೊಡು. ಕುಡಿದು ಮತ್ತೆ ಕೇಳಿಸ್ಕೋತೀನಿ."

ಅವಳು ನೀರು ಕೊಟ್ಟಳು. ಅದಾದ ಮೇಲೆ ಎರಡು ದಿನ ಮಾತಾಡಲಿಲ್ಲ. ಗುಳಿಗೆ ಕೈಗಿಟ್ಟಳು, ಅನ್ನ ಕಲಸಿ ಕೊಟ್ಟಳು, ದಿಂಬು ಎತ್ತರಿಸಿದಳು, ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಯಾರದೋ ಸೈಕಲ್ಲಿನ ಚಕ್ರ ಕೈಯಲ್ಲಿ ಹಿಡಿದು ಬಂದು, ಮಂಚದ ಹತ್ತಿರವೇ ಸ್ಟೂಲು ಎಳೆದುಕೊಂಡು ಬೆಂಡ್ ತೆಗೆಯಲು ಕೂತಳು. ಅವನು ಆ ಸೈಕಲ್ಲಿನವನ ಕಥೆ ಶುರು ಮಾಡಿದ. ಅವಳು "ಹೂಂ" ಎಂದಳು.

ಆ ಎರಡು ದಿನ ಸೇರಿ ಅವರಿಗೆ ಉಳಿದಿದ್ದದ್ದು ಹನ್ನೊಂದು ವಾರ. ಯಜಮಾನ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ತೀರಿಕೊಂಡ.